ವಿದ್ಯಾರ್ಥಿಗಳ ಮನನಶೀಲ ಬರವಣಿಗೆಯೂ ಅದರ ಸಾಧನಗಳೂ: ಮರಳಿನಿಂದ ಅಂತರಜಾಲದವರೆಗೆ

೧. ವಿಷಯ ಪ್ರವೇಶ

ಶ್ರವಣ, ಮನನ, ನಿದಿಧ್ಯಾಸನಗಳೆಂದು ಜ್ಞಾನಸಾಧನೆಗೆ ಮೂರು ಮೆಟ್ಟಿಲುಗಳನ್ನು ನಮ್ಮ ಪ್ರಾಚೀನರು ಹೇಳಿದರು. ಕೇಳಿದುದನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಹೊರಳಿಸಿ ನೋಡಿ, ಸಂದೇಹಗಳನ್ನೆತ್ತಿ, ಅವುಗಳಿಗೆ ಸಮಾಧಾನವನ್ನು ಹುಡುಕುವುದು ಮನನ. ಈ ಕಾರ್ಯವನ್ನು ಲೇಖನಿಯ ಮೂಲಕ ನಡೆಸುವುದನ್ನೇ ಪ್ರಸ್ತುತ ಲೇಖನದಲ್ಲಿ ಮನನಶೀಲ ಬರವಣಿಗೆ ಎಂದು ಕರೆದಿದೆ. ವಿದ್ಯಾರ್ಥಿಯು ತಾನು ಬರೆದುದನ್ನು ಕೆಲಕಾಲದ ತರುವಾಯ ತಾನೇ ಓದಿ, 'ಹೀಗೇಕೆ ಬರೆದೆ? ಇದಕ್ಕೆ ಆಧಾರವೇನು? ಈಗಲೂ ನನ್ನ ಅಭಿಪ್ರಾಯ ಇದೆಯೆ?' ಎಂದು ಕೇಳಿಕೊಂಡು ತಿದ್ದುವ ಬರವಣಿಗೆ ಇದು. ನಮ್ಮ ಕಾಲೇಜುಗಳ ತರಗತಿಯಲ್ಲಿ ಶ್ರವಣಕ್ಕೆ ಎಡೆಯುಂಟು. ಪರೀಕ್ಷೆಯಲ್ಲಿ ಸ್ಮರಣೆಗೆ ಎಡೆಯುಂಟು. ಇವೆರಡರ ನಡುವಣ ಮನನಕ್ಕೆ ಮಾತ್ರ ವೇಳಾಪಟ್ಟಿಯಲ್ಲಿ ಸ್ಥಳ ದೊರೆಯುವುದು ಅಪರೂಪ.

ಈಚಿನ ದಶಕಗಳಲ್ಲಿ ಬ್ಲಾಗ್, ವಿಕಿ, ಅನೇಕರು ಏಕಕಾಲದಲ್ಲಿ ತಿದ್ದಬಹುದಾದ ಅಂತರಜಾಲದ ಕಡತ ಮುಂತಾದ ಸಾಧನಗಳು ವಿದ್ಯಾರ್ಥಿಗಳ ಕೈಸೇರಿವೆ. ಇವುಗಳ ವಿಷಯದಲ್ಲಿ ಎರಡು ಅಭಿಪ್ರಾಯಗಳು ಪ್ರಚಾರದಲ್ಲಿವೆ. ಇವು ಬಂದುದರಿಂದ ವಿದ್ಯಾರ್ಥಿಯು ತಾನಾಗಿಯೇ ವಿಚಾರಶೀಲನಾಗುವನೆಂಬುದು ಒಂದು. ಇವು ಬಂದುದರಿಂದಲೇ ಅವನ ವಿಚಾರಶಕ್ತಿ ಕುಂದಿತೆಂಬುದು ಇನ್ನೊಂದು. ಇವೆರಡೂ ಒಂದೇ ತಪ್ಪು ಗ್ರಹಿಕೆಯ ಮೇಲೆ ನಿಂತಿವೆ. ಸಾಧನವು ಸ್ವತಂತ್ರವಾಗಿ ಫಲ ಕೊಡುತ್ತದೆಂಬುದೇ ಆ ಗ್ರಹಿಕೆ. ಬರವಣಿಗೆಯ ಸಾಧನಗಳ ಚರಿತ್ರೆಯನ್ನು ಅವಲೋಕಿಸಿದರೆ ಬೇರೊಂದು ನಿರ್ಣಯಕ್ಕೆ ಬರಬೇಕಾಗುತ್ತದೆ. ಮನನವು ಮೂರು ಸಂಗತಿಗಳನ್ನು ಅವಲಂಬಿಸಿದೆ: ಬರೆದುದು ಉಳಿಯಬೇಕು, ಉಳಿದುದು ಬರೆದವನ ಕೈಗೆ ಮರಳಬೇಕು, ಪರೀಕ್ಷಕನಲ್ಲದ ಓದುಗನೊಬ್ಬನು ಅದಕ್ಕೆ ಇರಬೇಕು. ಸಾಧನವು ಇವುಗಳಿಗೆ ಅವಕಾಶವನ್ನು ಮಾತ್ರ ಕಲ್ಪಿಸುತ್ತದೆ. ಅವಕಾಶವನ್ನು ಬಳಸುವುದೂ ಬಿಡುವುದೂ ವಿದ್ಯಾಸಂಸ್ಥೆಯ ಪದ್ಧತಿಗೆ ಸೇರಿದುದು. ಈ ಮಾತನ್ನು ಕೆಲವು ನಿದರ್ಶನಗಳಿಂದ ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

೨. ಮರಳು, ಹಲಗೆ, ಕಡತ

ಮದ್ರಾಸ್ ಆಧಿಪತ್ಯದ ಗವರ್ನರ್ ಥಾಮಸ್ ಮನ್ರೋ ೧೮೨೨ರಲ್ಲಿ ದೇಶೀಯ ಶಾಲೆಗಳ ಸ್ಥಿತಿಗತಿಗಳನ್ನು ವಿಚಾರಿಸಲು ಆಜ್ಞೆ ಮಾಡಿದನು. ಅದಕ್ಕೆ ಉತ್ತರವಾಗಿ ಬಳ್ಳಾರಿ ಜಿಲ್ಲೆಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ ೧೮೨೩ರ ಆಗಸ್ಟಿನಲ್ಲಿ ಕಳುಹಿಸಿದ ವರದಿಯು ನಮ್ಮ ವಿಷಯಕ್ಕೆ ಬಹು ಮುಖ್ಯವಾದ ಆಕರ. ಅದರ ಪ್ರಕಾರ ಜಿಲ್ಲೆಯಲ್ಲಿದ್ದ ಶಾಲೆಗಳು ೫೩೩. ಅವುಗಳಲ್ಲಿ ೨೩೫ ಕನ್ನಡದವು, ೨೨೬ ತೆಲುಗಿನವು. ಒಟ್ಟು ವಿದ್ಯಾರ್ಥಿಗಳು ೬,೬೪೧. ಮಕ್ಕಳು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತೀಡುತ್ತಿದ್ದರು. ಆ ಬಳಿಕ ಓಲೆ, ಕಾಗದಗಳ ಬಳಕೆಯೂ ಇತ್ತಾದರೂ ಈ ಪ್ರಾಂತದಲ್ಲಿ ಹೆಚ್ಚು ಪ್ರಚಾರದಲ್ಲಿದ್ದುವು ಹಲಗೆ ಮತ್ತು ಕಡತಗಳು. ಹಲಗೆಯನ್ನು ನುಣುಪುಗೊಳಿಸಿ ಅನ್ನವನ್ನೂ ಇದ್ದಲ ಪುಡಿಯನ್ನೂ ಬಳಿಯುತ್ತಿದ್ದರು. ಬಟ್ಟೆಗೆ ಗಂಜಿಯಿಕ್ಕಿ, ಪುಸ್ತಕದಂತೆ ಮಡಿಕೆ ಮಾಡಿ, ಇದ್ದಲು ಮತ್ತು ಅಂಟುಗಳ ಲೇಪವನ್ನು ಕೊಟ್ಟರೆ ಕಡತ ಸಿದ್ಧವಾಗುತ್ತಿತ್ತು. ಎರಡರ ಮೇಲೂ ಬಳಪದಿಂದ ಬರೆಯುತ್ತಿದ್ದರು. ಬರೆದುದನ್ನು ಒದ್ದೆ ಬಟ್ಟೆಯಿಂದ ಒರಸಿಬಿಡಬಹುದಾಗಿತ್ತು.

ಈ ಪದ್ಧತಿಯಲ್ಲಿ ಕ್ಯಾಂಬೆಲ್ ಒಂದು ಗುಣವನ್ನೂ ಒಂದು ದೋಷವನ್ನೂ ಕಂಡನು. ಅಲ್ಪ ವೆಚ್ಚದಲ್ಲಿ ಬರಹ ಕಲಿಸುವುದು, ಮುಂದುವರಿದ ಹುಡುಗನು ಹಿಂದಿನವನಿಗೆ ಕಲಿಸುತ್ತ ತನ್ನ ತಿಳಿವಳಿಕೆಯನ್ನೇ ಗಟ್ಟಿಮಾಡಿಕೊಳ್ಳುವುದು ಅವನ ಮೆಚ್ಚಿಕೆಗೆ ಪಾತ್ರವಾದುವು. ಮದ್ರಾಸಿನ ಅನಾಥಾಲಯದಲ್ಲಿ ಇಂಥ ಕ್ರಮವನ್ನು ಪ್ರಯೋಗಿಸಿದ ಆಂಡ್ರೂ ಬೆಲ್ ೧೭೯೭ರಲ್ಲಿ ಲಂಡನ್ನಿನಲ್ಲಿ ತನ್ನ ವರದಿಯನ್ನು ಪ್ರಕಟಿಸಿದ ಮೇಲೆ ಅದು ಇಂಗ್ಲೆಂಡಿನಲ್ಲಿಯೂ ಹರಡಿದ್ದಿತು. ದೋಷವಾವುದೆಂದರೆ, ಮಕ್ಕಳು ಕಂಠಪಾಠ ಮಾಡುತ್ತಿದ್ದ ಪದ್ಯಗಳ ಭಾಷೆ ಆಡುಮಾತಿಗೆ ದೂರವಾದುದಾಗಿ, ಅವರಿಗೆ ಅರ್ಥವೇ ಆಗುತ್ತಿರಲಿಲ್ಲ. ಕೈ ಬರೆಯುತ್ತಿತ್ತು, ಬಾಯಿ ಹೇಳುತ್ತಿತ್ತು, ಬುದ್ಧಿಗೆ ಕೆಲಸವಿರಲಿಲ್ಲ.

ಅಳಿಸಬಹುದಾದ ಸಾಧನವೇ ಈ ದೋಷಕ್ಕೆ ಕಾರಣವೆಂದು ಹೇಳಬಹುದೆ? ಹೇಳಲಾಗದು. ಮಗುವು ಹಲಗೆಯ ಮೇಲೆ ನಾಚಿಕೆಯಿಲ್ಲದೆ ತಪ್ಪು ಬರೆದು ತಿದ್ದಿಕೊಳ್ಳಬಹುದಾಗಿತ್ತು. ಇದು ಸಾಮಾನ್ಯವಾದ ಉಪಕಾರವಲ್ಲ. ಇದಲ್ಲದೆ, ಶಾಲೆಯಲ್ಲಿ ದಿನದಿನವೂ ಒರಸಲ್ಪಡುತ್ತಿದ್ದ ಅದೇ ಬಗೆಯ ಕಡತವು ಮಠಗಳಲ್ಲಿಯೂ ವರ್ತಕರಲ್ಲಿಯೂ ಲೆಕ್ಕಪತ್ರಗಳ ಭಂಡಾರವಾಗಿದ್ದಿತು. ಶೃಂಗೇರಿ ಮಠದ ಕಡತಗಳು ಕರ್ಣಾಟಕದ ಇತಿಹಾಸಕ್ಕೆ ಇಂದಿಗೂ ಆಕರಗಳಾಗಿವೆ. ಕಚೇರಿಯ ದಾಖಲೆಗಳ ಕಟ್ಟಿಗೆ ಕಡತವೆಂಬ ಹೆಸರು ನಿಂತಿರುವುದೂ ಈ ಕಾರಣದಿಂದಲೇ. ಬಟ್ಟೆ ಅದೇ, ಬಳಪ ಅದೇ. ಆದರೆ ಮಠಕ್ಕೆ ಹಿಂದಿನ ಬರಹವನ್ನು ತಿರುಗಿ ನೋಡುವ ಅಗತ್ಯವಿದ್ದಿತು, ಶಾಲೆಗೆ ಇರಲಿಲ್ಲ. ಉಳಿಸುವುದೂ ಅಳಿಸುವುದೂ ವಸ್ತುವಿನ ಧರ್ಮವಲ್ಲ, ಬಳಸುವ ಸಂಸ್ಥೆಯ ಧರ್ಮವೆಂಬುದು ಇದರಿಂದ ವಿದಿತವಾಗುತ್ತದೆ.

೩. ಮರಳದ ಉತ್ತರಪತ್ರಿಕೆ

ಯೂರೋಪಿನ ವಿದ್ವಾಂಸರಲ್ಲಿ ಓದಿದುದರ ಸಾರವನ್ನು ವಿಷಯಾನುಸಾರವಾಗಿ ಬರೆದಿಡುವ ಟಿಪ್ಪಣಿ ಪುಸ್ತಕಗಳ ರೂಢಿ ಬಹುಕಾಲದಿಂದ ಇದ್ದಿತು. ಜಾನ್ ಲಾಕ್ ಇಂಥ ಪುಸ್ತಕಕ್ಕೆ ಅಕ್ಷರಾನುಕ್ರಮದ ಸೂಚಿಯೊಂದನ್ನು ಯೋಜಿಸಿ ೧೬೮೬ರಲ್ಲಿ ಫ್ರೆಂಚ್ ಭಾಷೆಯಲ್ಲಿ ಪ್ರಕಟಿಸಿದನು. ಅದರ ಇಂಗ್ಲಿಷ್ ರೂಪ ೧೭೦೬ರಲ್ಲಿ ಹೊರಬಂದಿತು. ಬರೆದಿಡುವುದಕ್ಕಿಂತಲೂ ಬರೆದುದರ ಬಳಿಗೆ ಹಿಂದಿರುಗುವ ದಾರಿಯೇ ಅವನ ಯೋಜನೆಯ ತಿರುಳೆಂಬುದನ್ನು ಗಮನಿಸತಕ್ಕದ್ದು.

ನಮ್ಮ ದೇಶದಲ್ಲಿ ೧೮೫೭ರಲ್ಲಿ ಕಲ್ಕತ್ತ, ಮುಂಬಯಿ, ಮದ್ರಾಸ್ ವಿಶ್ವವಿದ್ಯಾನಿಲಯಗಳು ಲಂಡನ್ ವಿಶ್ವವಿದ್ಯಾನಿಲಯದ ಮಾದರಿಯಲ್ಲಿ ಸ್ಥಾಪಿತವಾದಾಗ ಅವುಗಳ ಮುಖ್ಯ ಕೆಲಸ ಬೋಧನೆಯಾಗಿರದೆ ಪರೀಕ್ಷೆಯಾಗಿದ್ದಿತು. ಕಾಗದವು ಸುಲಭವಾಗಿ ದೊರೆಯತೊಡಗಿದ್ದಿತು. ಆದುದರಿಂದ ಬರೆದುದು ಉಳಿಯಿತು. ಆದರೆ ಅದು ಬರೆದವನಿಗೆ ಮರಳಲಿಲ್ಲ. ಉತ್ತರಪತ್ರಿಕೆಯು ಮೇಜಿನಿಂದ ಪರೀಕ್ಷಕನ ಮನೆಗೆ, ಅಲ್ಲಿಂದ ಕಚೇರಿಯ ಕೊಠಡಿಗೆ, ಕೊನೆಗೆ ರದ್ದಿಗೆ ಹೋಯಿತು. ವಿದ್ಯಾರ್ಥಿಗೆ ಬಂದುದು ಒಂದು ಅಂಕೆ. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗವು ೧೯೪೯ರಲ್ಲಿ, ಒಂದೇ ಒಂದು ಸುಧಾರಣೆಯನ್ನು ಸೂಚಿಸಬೇಕಾದರೆ ಅದು ಪರೀಕ್ಷಾಪದ್ಧತಿಯ ಸುಧಾರಣೆಯೇ ಎಂಬ ಅಭಿಪ್ರಾಯವನ್ನು ವ್ಯಕ್ತಪಡಿಸಿತು. ಮಾಹಿತಿ ಹಕ್ಕಿನ ಅಧಿನಿಯಮದ ಮೇರೆಗೆ ವಿದ್ಯಾರ್ಥಿಯು ಮೌಲ್ಯಮಾಪನವಾದ ತನ್ನ ಉತ್ತರಪತ್ರಿಕೆಯನ್ನು ನೋಡಲು ಹಕ್ಕುಳ್ಳವನೆಂದು ಸರ್ವೋಚ್ಚ ನ್ಯಾಯಾಲಯವು ತೀರ್ಪು ಕೊಟ್ಟುದು ೨೦೧೧ರ ಆಗಸ್ಟಿನಲ್ಲಿ. ಮೊದಲ ವಿಶ್ವವಿದ್ಯಾನಿಲಯಗಳ ಸ್ಥಾಪನೆಯಿಂದ ಈ ತೀರ್ಪಿನವರೆಗೆ ಕಳೆದ ಕಾಲ ೧೫೪ ವರ್ಷಗಳು. ತಾನು ಬರೆದುದನ್ನು ತಾನು ನೋಡುವುದಕ್ಕೆ ನ್ಯಾಯಾಲಯದ ಮೊರೆಹೋಗಬೇಕಾದ ಪದ್ಧತಿಯಲ್ಲಿ ಮನನವು ಹೇಗೆ ಬೆಳೆದೀತು? ಇಂದಿಗೂ ಪ್ರತಿಯನ್ನು ಕೇಳಿ ಪಡೆಯುವವರಲ್ಲಿ ಬಹುಮಂದಿ ಅಂಕಗಳಿಗಾಗಿ ಕೇಳುವರೇ ಹೊರತು ವಿಚಾರಕ್ಕಾಗಿ ಅಲ್ಲ. ಅದು ಅವರ ತಪ್ಪೂ ಅಲ್ಲ.

೪. ಬರವಣಿಗೆಯ ಕ್ರಮವನ್ನು ಕುರಿತ ಶೋಧನೆಗಳು

ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕ, ಇಂಗ್ಲೆಂಡ್ ಮತ್ತು ಕೆನಡಗಳ ಶಿಕ್ಷಣಶಾಸ್ತ್ರಜ್ಞರು ಬರಹವನ್ನು ಬಿಟ್ಟು ಬರೆಯುವ ಕ್ರಿಯೆಯತ್ತ ದೃಷ್ಟಿಯನ್ನು ತಿರುಗಿಸಿದರು. ಜಾನ್ ಡ್ಯೂಯಿ ೧೯೧೦ರಲ್ಲಿ, ನಂಬಿಕೆಯೊಂದನ್ನು ಅದರ ಆಧಾರಗಳ ಬೆಳಕಿನಲ್ಲಿ ಎಡೆಬಿಡದೆ ಪರಿಶೀಲಿಸುವುದೇ ಮನನವೆಂದು ನಿರೂಪಿಸಿದನು. ಜಾನೆಟ್ ಎಮಿಗ್ ೧೯೭೧ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಂಟು ಮಂದಿ ಹನ್ನೆರಡನೆಯ ತರಗತಿಯ ವಿದ್ಯಾರ್ಥಿಗಳು ಬರೆಯುವಾಗಲೇ ತಮ್ಮ ಯೋಚನೆಯನ್ನು ಗಟ್ಟಿಯಾಗಿ ಹೇಳುವಂತೆ ಮಾಡಿ, ಶಾಲೆಗಾಗಿ ಬರೆದುದನ್ನು ಅವರು ಮನಃಪೂರ್ವಕವಾಗಿ ತಿದ್ದುವುದೇ ಅಪರೂಪವೆಂದು ತೋರಿಸಿದಳು. ಇಂಗ್ಲೆಂಡಿನಲ್ಲಿ ಜೇಮ್ಸ್ ಬ್ರಿಟನ್ ಮತ್ತು ಸಂಗಡಿಗರು ೬೫ ಶಾಲೆಗಳ ಎರಡು ಸಾವಿರಕ್ಕೂ ಮಿಕ್ಕ ಬರಹಗಳನ್ನು ವರ್ಗೀಕರಿಸಿ ೧೯೭೫ರಲ್ಲಿ ಪ್ರಕಟಿಸಿದ ಗ್ರಂಥದಿಂದ, ಅವುಗಳಲ್ಲಿ ಸುಮಾರು ಅರ್ಧದಷ್ಟು ಶಿಕ್ಷಕನನ್ನು ಪರೀಕ್ಷಕನೆಂದು ಭಾವಿಸಿ ಬರೆದವೆಂದು ತಿಳಿದುಬಂದಿತು. ನ್ಯಾನ್ಸಿ ಸಾಮರ್ಸ್ ೧೯೮೦ರಲ್ಲಿ ಇಪ್ಪತ್ತು ವಿದ್ಯಾರ್ಥಿಗಳನ್ನೂ ಇಪ್ಪತ್ತು ನುರಿತ ಲೇಖಕರನ್ನೂ ಹೋಲಿಸಿ, ವಿದ್ಯಾರ್ಥಿಗಳು ಪದಗಳನ್ನು ಬದಲಿಸುವರು, ನುರಿತವರು ವಾದವನ್ನೇ ಬದಲಿಸುವರು ಎಂಬ ವ್ಯತ್ಯಾಸವನ್ನು ಕಂಡುಹಿಡಿದಳು.

ಈ ಸಂಶೋಧನೆಗಳ ಸಾರವನ್ನು ಕೆನಡದ ಬೆರೈಟರ್ ಮತ್ತು ಸ್ಕಾರ್ಡಮಾಲಿಯ ೧೯೮೭ರ ಗ್ರಂಥದಲ್ಲಿ ಮಾಡಿದ ವಿಭಾಗದಲ್ಲಿ ಕಾಣಬಹುದು. ತಿಳಿದುದನ್ನು ನೆನಪಾದ ಕ್ರಮದಲ್ಲಿ ಹೇಳಿಬಿಡುವುದು ಒಂದು ಬಗೆಯ ಬರವಣಿಗೆ. ಬರೆಯುತ್ತ ಬರೆಯುತ್ತ ತಿಳಿವಳಿಕೆಯನ್ನೇ ಮಾರ್ಪಡಿಸಿಕೊಳ್ಳುವುದು ಇನ್ನೊಂದು. ಮೊದಲನೆಯದು ನಮ್ಮ ಪರೀಕ್ಷೆಯ ಉತ್ತರ, ಎರಡನೆಯದು ಮನನ.

೫. ಗಣಕಜಾಲದ ಸಾಧನಗಳು

ಬಹು ಸ್ವಾರಸ್ಯವಾದ ಸಂಗತಿಯೆಂದರೆ, ಅಂತರಜಾಲವು ಮನೆಮನೆಗೆ ಬರುವುದಕ್ಕೆ ಮೊದಲೇ ಈ ವಿಚಾರಗಳು ಯಂತ್ರರೂಪವನ್ನು ತಾಳಿದುವು. ಬೆರೈಟರ್, ಸ್ಕಾರ್ಡಮಾಲಿಯ ಇವರೇ ೧೯೮೦ರ ದಶಕದಲ್ಲಿ ಟೊರಾಂಟೊ ನಗರದಲ್ಲಿ ಒಂದು ವ್ಯವಸ್ಥೆಯನ್ನು ರೂಪಿಸಿದರು. ತರಗತಿಯ ಗಣಕಯಂತ್ರಗಳನ್ನು ಒಂದಕ್ಕೊಂದು ಜೋಡಿಸಿ, ಮಕ್ಕಳ ಟಿಪ್ಪಣಿಗಳೆಲ್ಲ ಒಂದೇ ಸಾಮಾನ್ಯ ಭಂಡಾರದಲ್ಲಿ ಸೇರುವಂತೆ ಮಾಡಲಾಯಿತು. ಇದು ನನ್ನ ಊಹೆ, ಇದು ನಾನು ಇನ್ನೂ ತಿಳಿಯಬೇಕಾದುದು, ಇದು ನನಗೆ ದೊರೆತ ಹೊಸ ವಿಷಯ ಎಂಬ ಅರ್ಥದ ಗುರುತುಗಳನ್ನು ಮಗುವು ತನ್ನ ಟಿಪ್ಪಣಿಗೆ ಹಚ್ಚುತ್ತಿತ್ತು. ಸಹಪಾಠಿಗಳು ಅದಕ್ಕೆ ಉತ್ತರ ಬರೆಯುತ್ತಿದ್ದರು. ೧೯೮೫ರಲ್ಲಿ ವಾಷಿಂಗ್ಟನ್ನಿನ ಗ್ಯಾಲೊಡೆಟ್ ಸಂಸ್ಥೆಯಲ್ಲಿ ಟ್ರೆಂಟ್ ಬ್ಯಾಟ್ಸನ್ ಕಿವುಡ ವಿದ್ಯಾರ್ಥಿಗಳಿಗಾಗಿ ತರಗತಿಯ ಸಂಭಾಷಣೆಯೆಲ್ಲವೂ ಜೋಡಿಸಿದ ಯಂತ್ರಗಳ ಮೇಲೆ ಬರಹದಲ್ಲಿಯೇ ನಡೆಯುವಂತೆ ಏರ್ಪಡಿಸಿದನು. ಅಲ್ಲಿ ಬರವಣಿಗೆಗೆ ಪರೀಕ್ಷಕನಲ್ಲದ ಓದುಗನು, ಅದೂ ಆ ಕ್ಷಣವೇ ಮಾರುತ್ತರ ಕೊಡುವ ಓದುಗನು, ದೊರೆತನು.

ವಾರ್ಡ್ ಕನ್ನಿಂಗ್‌ಹ್ಯಾಮ್ ೧೯೯೫ರಲ್ಲಿ ಮೊದಲನೆಯ ವಿಕಿಯನ್ನು ಅಂತರಜಾಲದಲ್ಲಿ ತೆರೆದನು. ೨೦೦೧ರಲ್ಲಿ ವಿಕಿಪೀಡಿಯ ಆರಂಭವಾಯಿತು. ಅದರ ಪ್ರತಿ ಪುಟದ ಹಿಂದೆಯೂ ಎಲ್ಲ ಹಳೆಯ ರೂಪಗಳು ದಿನಾಂಕ, ಸಮಯಗಳೊಡನೆ ನಿಂತಿರುತ್ತವೆ. ಯಾವುದಾದರೂ ಎರಡು ರೂಪಗಳನ್ನು ಎದುರೆದುರಿಗೆ ಇಟ್ಟು ವ್ಯತ್ಯಾಸವನ್ನು ನೋಡಬಹುದು. ಬದಲಾವಣೆಯ ಕಾರಣವನ್ನು ಚರ್ಚಿಸಲು ಬೇರೆ ಪುಟವಿರುತ್ತದೆ. ಹಳೆಯ ರೂಪಗಳ ಈ ಪಟ್ಟಿಗೆ ಕನ್ನಡ ವಿಕಿಪೀಡಿಯದಲ್ಲಿ ಇಟ್ಟಿರುವ ಹೆಸರು 'ಇತಿಹಾಸ'. ನಮ್ಮ ಶಾಸ್ತ್ರದ ಹೆಸರೇ ಅಲ್ಲಿ ಬಂದಿರುವುದು ಉಚಿತವಾಗಿದೆ. ಹಲಗೆಯ ಒಂದು ಗುಣವೂ ಕಡತದ ಒಂದು ಗುಣವೂ ಇಲ್ಲಿ ಕೂಡಿವೆ: ನಿರ್ಭಯವಾಗಿ ಅಳಿಸಬಹುದು, ಅಳಿಸಿದುದೂ ಉಳಿದಿರುತ್ತದೆ.

ಈ ಅವಕಾಶವನ್ನು ವಿದ್ಯಾಸಂಸ್ಥೆಗಳು ಬಳಸಿದ ರೀತಿಯಲ್ಲಿ ಅಜಗಜಾಂತರವಿದೆ. ಎರಡು ನಿದರ್ಶನಗಳನ್ನು ನೋಡೋಣ. ೨೦೦೮ರಲ್ಲಿ ಕೆನಡದ ಬ್ರಿಟಿಷ್ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಜಾನ್ ಬೀಸ್ಲಿ-ಮರೆ ಎಂಬ ಅಧ್ಯಾಪಕನು ಲ್ಯಾಟಿನ್ ಅಮೆರಿಕದ ಕಾದಂಬರಿಗಳನ್ನು ಓದುತ್ತಿದ್ದ ವಿದ್ಯಾರ್ಥಿಗಳಿಗೆ, ಅವುಗಳನ್ನು ಕುರಿತ ವಿಕಿಪೀಡಿಯದ ಲೇಖನಗಳನ್ನು ಅಲ್ಲಿನ ಅತ್ಯುನ್ನತ ದರ್ಜೆಗೆ ಏರಿಸುವ ಕೆಲಸವನ್ನು ಕೊಟ್ಟನು. ಹೊರಗಿನ ವಿಮರ್ಶಕರು ಪ್ರತಿ ವಾಕ್ಯಕ್ಕೂ ಆಧಾರ ಕೇಳಿದರು. ವಿದ್ಯಾರ್ಥಿಗಳು ಒಂದೇ ಲೇಖನವನ್ನು ಪುನಃಪುನಃ ತಿದ್ದಿದರು. ಮೂರು ಲೇಖನಗಳು ಅತ್ಯುನ್ನತ ದರ್ಜೆಯನ್ನೂ ಎಂಟು ಲೇಖನಗಳು ಅದರ ಕೆಳಗಣ ದರ್ಜೆಯನ್ನೂ ಪಡೆದುವು. ೨೦೧೧ರಲ್ಲಿ ನಮ್ಮ ದೇಶದ ಪುಣೆಯಲ್ಲಿ ನೂರಾರು ವಿದ್ಯಾರ್ಥಿಗಳನ್ನು ಇಂಥದೇ ಕೆಲಸಕ್ಕೆ ತೊಡಗಿಸಲಾಯಿತು. ಅಲ್ಲಿ ಬಹುಮಂದಿ ಪಠ್ಯಪುಸ್ತಕಗಳಿಂದಲೂ ಜಾಲತಾಣಗಳಿಂದಲೂ ಯಥಾವತ್ತಾಗಿ ನಕಲು ಮಾಡಿದುದರಿಂದ ಸ್ವಾಮ್ಯದ ತೊಡಕುಗಳು ಎದ್ದು, ಆ ವರ್ಷವೇ ಪ್ರಯೋಗವನ್ನು ನಿಲ್ಲಿಸಬೇಕಾಯಿತು.

ಸಾಧನ ಎರಡು ಕಡೆಯೂ ಒಂದೇ. ಭೇದವೆಲ್ಲಿ? ಕೆನಡದ ಆ ತರಗತಿ ಚಿಕ್ಕದು. ಇಡೀ ಅವಧಿಯ ಕೆಲಸವೇ ತಿದ್ದುವುದಾಗಿದ್ದಿತು. ಪುಣೆಯ ವಿದ್ಯಾರ್ಥಿಗಳು ದೊಡ್ಡ ಗುಂಪುಗಳಲ್ಲಿದ್ದು, ಬರೆದೊಪ್ಪಿಸಿದರೆ ಮುಗಿಯಿತೆಂಬ ರೂಢಿಯಲ್ಲಿ ಬೆಳೆದವರು. ಅರ್ಥ ತಿಳಿಯದೆ ಪದ್ಯ ಹೇಳುತ್ತಿದ್ದ ಬಳ್ಳಾರಿಯ ಬಾಲಕನಿಗೂ ಇವರಿಗೂ ಬಹಳ ದೂರವಿಲ್ಲ. ಇವರನ್ನು ಹಳಿಯುವ ಮೊದಲು, ನಕಲು ಮಾಡುವುದೇ ಓದಿನ ಲಕ್ಷಣವೆಂದು ಇವರಿಗೆ ಹೇಳಿಕೊಟ್ಟವರು ಯಾರೆಂದು ವಿಚಾರಿಸುವುದು ನ್ಯಾಯ.

೬. ಕನ್ನಡದ ಸ್ಥಿತಿ

ಕನ್ನಡದಲ್ಲಿ ಬರೆಯುವ ವಿದ್ಯಾರ್ಥಿಗೆ ಈ ಸೌಕರ್ಯಗಳು ತಡವಾಗಿ ಒದಗಿದುವು. ಗಣಕಯಂತ್ರದಲ್ಲಿ ಕನ್ನಡ ಅಚ್ಚಾಗುತ್ತಿದ್ದ ಮೊದಲ ವರ್ಷಗಳಲ್ಲಿ ಬೇರೆ ಬೇರೆ ತಂತ್ರಾಂಶಗಳು ಅಕ್ಷರಗಳಿಗೆ ಬೇರೆ ಬೇರೆ ಸಂಕೇತಗಳನ್ನು ಬಳಸುತ್ತಿದ್ದುದರಿಂದ ಒಂದರಲ್ಲಿ ಬರೆದುದು ಇನ್ನೊಂದರಲ್ಲಿ ಓದಲು ಬರುತ್ತಿರಲಿಲ್ಲ. ೧೯೯೧ರಲ್ಲಿ ಪ್ರಕಟವಾದ ಯೂನಿಕೋಡ್ ಸಂಕೇತವ್ಯವಸ್ಥೆಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿತ್ತಾದರೂ ಅದು ಬಳಕೆಯಲ್ಲಿ ನೆಲೆಗೊಳ್ಳಲು ಬಹಳ ವರ್ಷಗಳು ಬೇಕಾದುವು. ಎರಡು ಕರಡುಗಳನ್ನು ಹೋಲಿಸುವುದಕ್ಕೂ ಹಳೆಯ ಪದವೊಂದನ್ನು ಹುಡುಕುವುದಕ್ಕೂ ಏಕರೂಪವಾದ ಸಂಕೇತವೇ ತಳಹದಿ. ೨೦೦೩ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾದುದೂ ಈ ತಳಹದಿಯ ಮೇಲೆಯೇ. ಮೈಸೂರು ವಿಶ್ವವಿದ್ಯಾನಿಲಯವು ತನ್ನ ಹದಿನಾಲ್ಕು ಸಂಪುಟಗಳ ಕನ್ನಡ ವಿಶ್ವಕೋಶವನ್ನು ಮುಕ್ತ ಪರವಾನಗಿಯಲ್ಲಿ ಬಿಡುಗಡೆ ಮಾಡಿದ ಮೇಲೆ ಅದನ್ನು ಅಂತರಜಾಲಕ್ಕೆ ಸೇರಿಸುವ ಕಾರ್ಯದಲ್ಲಿ ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳೂ ಪಾಲ್ಗೊಂಡರು. ಅಚ್ಚಿನ ಪುಟವನ್ನು ನೋಡಿ ಬೆರಳಚ್ಚಿಸುವುದು ಮನನವಲ್ಲ. ಆದರೆ ಮನನಕ್ಕೆ ಬೇಕಾದ ಕೈಪಳಗುವಿಕೆ ಅದರಿಂದ ಬರುತ್ತದೆ. ಮರಳಿನ ಮೇಲೆ ಅಕ್ಷರ ತೀಡುವುದಕ್ಕೂ ಅದೇ ಪ್ರಯೋಜನವಿದ್ದಿತು.

೭. ಇತಿಹಾಸದ ವಿದ್ಯಾರ್ಥಿಗೆ ಇದರ ವಿಶೇಷ

ಇತರ ಶಾಸ್ತ್ರಗಳ ವಿದ್ಯಾರ್ಥಿಗಳಿಗೆ ಈ ಸಾಧನಗಳಿಂದ ಸಹಾಯವಾಗಬಹುದು. ಇತಿಹಾಸದ ವಿದ್ಯಾರ್ಥಿಗಾದರೊ ಇವು ತನ್ನ ಶಾಸ್ತ್ರದ ಅಭ್ಯಾಸವೇ ಆಗುತ್ತವೆ. ಸ್ಯಾಮ್ ವೈನ್‌ಬರ್ಗ್ ೧೯೯೧ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಂಟು ಮಂದಿ ಇತಿಹಾಸಕಾರರಿಗೂ ಎಂಟು ಮಂದಿ ಪ್ರೌಢಶಾಲೆಯ ವಿದ್ಯಾರ್ಥಿಗಳಿಗೂ ಒಂದೇ ದಾಖಲೆಗಳನ್ನು ಕೊಟ್ಟು ನೋಡಿದನು. ಬರೆದವನು ಯಾರು, ಯಾವಾಗ, ಯಾರಿಗಾಗಿ ಎಂಬುದನ್ನು ಇತಿಹಾಸಕಾರರು ಮೊದಲು ವಿಚಾರಿಸಿದರು. ವಿದ್ಯಾರ್ಥಿಗಳು ಸಾಮಾನ್ಯವಾಗಿ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿ ವಿಷಯವನ್ನು ಸಂಗ್ರಹಿಸಿದರು. ಆಕರವನ್ನು ಪ್ರಶ್ನಿಸುವ ಈ ಅಭ್ಯಾಸವನ್ನು ವಿದ್ಯಾರ್ಥಿಯು ತನ್ನ ಬರಹದ ಮೇಲೆಯೇ ಪ್ರಯೋಗಿಸಿ ಕಲಿಯಬಹುದು. ದಿನಾಂಕವುಳ್ಳ ಅವನ ಹಳೆಯ ಕರಡು ಒಂದು ದಾಖಲೆ; ಅದನ್ನು ಬರೆದವನು ಅವನೇ ಆದರೂ ಇಂದಿನ ಅವನಲ್ಲ.

ಉದಾಹರಣೆಗೆ ನಗರದ ದಂಗೆಯನ್ನು ತೆಗೆದುಕೊಳ್ಳಬಹುದು. ೧೮೩೦-೩೧ರಲ್ಲಿ ರೈತರ ದಂಗೆ ನಡೆದು, ೧೮೩೧ರಲ್ಲಿ ಬೆಂಟಿಂಕನು ಮೈಸೂರಿನ ಆಡಳಿತವನ್ನು ಕಂಪನಿಯ ವಶಕ್ಕೆ ತೆಗೆದುಕೊಂಡನೆಂಬುದೂ, ೧೮೮೧ರಲ್ಲಿ ಅದು ಅರಸುಮನೆತನಕ್ಕೆ ಮರಳಿತೆಂಬುದೂ ವಿದ್ಯಾರ್ಥಿಗೆ ತಿಳಿದೇ ಇರುತ್ತದೆ. ದಂಗೆಗೆ ಕಾರಣವೇನೆಂದು ಅವನು ಮೊದಲು ತನಗೆ ತಿಳಿದಂತೆ ಒಂದು ಪುಟ ಬರೆಯಲಿ. ಅರಸನ ದುರಾಡಳಿತವೇ ಕಾರಣವೆಂದು ಬರೆಯುವವರೇ ಹೆಚ್ಚೆಂದು ಊಹಿಸಬಹುದು. ಅನಂತರ, ದಂಗೆಯ ಕಾರಣಗಳನ್ನು ವಿಚಾರಿಸಿದ ಸಮಿತಿಯು ೧೮೩೩ರಲ್ಲಿ ಒಪ್ಪಿಸಿದ ವರದಿಯ ಭಾಗಗಳನ್ನು ಓದಲಿ. ಸಮಿತಿಯ ಸದಸ್ಯರೆಲ್ಲರೂ ಕಂಪನಿಯ ಅಧಿಕಾರಿಗಳು. ಅವರಲ್ಲೊಬ್ಬನಾದ ಮಾರ್ಕ್ ಕಬ್ಬನ್ ೧೮೩೪ರಲ್ಲಿ ತಾನೇ ಮೈಸೂರಿನ ಕಮಿಷನರ್ ಆದನು. ಇದನ್ನು ತಿಳಿದ ಬಳಿಕ ವಿದ್ಯಾರ್ಥಿಯು ತನ್ನ ಮೊದಲ ಪುಟವನ್ನು ತಿದ್ದಲಿ. ಎರಡು ರೂಪಗಳನ್ನೂ ಎದುರಿಗಿಟ್ಟುಕೊಂಡು, ಯಾವ ವಾಕ್ಯ ಏಕೆ ಬದಲಾಯಿತು, ಯಾವುದು ಏಕೆ ಉಳಿಯಿತು ಎಂದು ಮೂರನೆಯ ಪುಟವನ್ನು ಬರೆಯಲಿ. ಅವನ ಅಭಿಪ್ರಾಯ ಬದಲಾಗಲೇಬೇಕೆಂಬ ನಿಯಮವಿಲ್ಲ. ದುರಾಡಳಿತವೇ ಕಾರಣವೆಂಬ ನಿರ್ಣಯದಲ್ಲಿ ಅವನು ನಿಂತರೂ ಈಗ ಆಧಾರವನ್ನು ತೂಗಿ ನಿಂತಿರುತ್ತಾನೆ. ಆ ಮೂರನೆಯ ಪುಟವೇ ಮನನ.

೮. ಕೆಲವು ಆಕ್ಷೇಪಣೆಗಳು

ಈ ಮಾರ್ಗಕ್ಕೆ ಬಲವಾದ ಆಕ್ಷೇಪಣೆಗಳುಂಟು. ಮೊದಲನೆಯದಾಗಿ, ಪ್ರತಿಯೊಂದು ತಿದ್ದುಪಡಿಯನ್ನೂ ಅಧ್ಯಾಪಕರು ನೋಡುತ್ತಾರೆಂದು ತಿಳಿದ ವಿದ್ಯಾರ್ಥಿಯು ಮನಸ್ಸು ಬಿಚ್ಚಿ ಬರೆಯನು. ಹಲಗೆಯು ಕೊಡುತ್ತಿದ್ದ ಅಭಯವು ಇಲ್ಲಿ ನಷ್ಟವಾಗಬಹುದು. ಆದುದರಿಂದ ಯಾವ ಕರಡನ್ನು ಯಾರಿಗೆ ತೋರಿಸಬೇಕೆಂಬ ನಿರ್ಧಾರ ವಿದ್ಯಾರ್ಥಿಗೇ ಸೇರಿರಬೇಕು. ಮೊದಲ ಕರಡಿಗೆ ಅಂಕವನ್ನು ಕೊಡಲೇಬಾರದು.

ಎರಡನೆಯದಾಗಿ, ಮನನವನ್ನೇ ಕಡ್ಡಾಯ ಮಾಡಿದರೆ ಅದೂ ಒಂದು ಸೂತ್ರವಾಗಿ, 'ಈ ಅಧ್ಯಯನದಿಂದ ನನಗೆ ಬಹಳ ಉಪಯೋಗವಾಯಿತು' ಎಂಬಂಥ ವಾಕ್ಯಗಳು ಮಾತ್ರ ಬರುತ್ತವೆ. ಇದಕ್ಕೆ ಪರಿಹಾರವೆಂದರೆ ಭಾವನೆಗಳನ್ನು ಕೇಳದೆ ನಿರ್ದಿಷ್ಟವಾದ ಬದಲಾವಣೆಯೊಂದರ ಕಾರಣವನ್ನು ಕೇಳುವುದು.

ಮೂರನೆಯದಾಗಿ, ಎಲ್ಲ ವಿದ್ಯಾರ್ಥಿಗಳಿಗೂ ಗಣಕಯಂತ್ರವಿಲ್ಲ. ೨೦೨೦ರಲ್ಲಿ ಮಹಾಮಾರಿಯಿಂದ ಕಾಲೇಜುಗಳು ಮುಚ್ಚಿದಾಗ ಒಂದೇ ದೂರವಾಣಿಯನ್ನು ಮನೆಮಂದಿಯೆಲ್ಲ ಹಂಚಿಕೊಂಡು ಪಾಠ ಕೇಳಬೇಕಾದ ಸ್ಥಿತಿ ಅನೇಕ ಮನೆಗಳಲ್ಲಿದ್ದುದನ್ನು ಎಲ್ಲರೂ ಬಲ್ಲರು. ಆದರೆ ಮೇಲೆ ಹೇಳಿದ ಮೂರು ನಿಯಮಗಳಲ್ಲಿ ಯಾವುದೂ ಯಂತ್ರವನ್ನೇ ಬೇಡುವುದಿಲ್ಲ. ಎಡಪುಟವನ್ನು ಖಾಲಿ ಬಿಟ್ಟು, ತಾರೀಖು ಹಾಕಿ ಬರೆದ ನೋಟುಪುಸ್ತಕವೂ ಸಹಪಾಠಿಯ ಟಿಪ್ಪಣಿಯೂ ಬಹುಮಟ್ಟಿಗೆ ಅದೇ ಕೆಲಸವನ್ನು ಮಾಡಬಲ್ಲುವು.

ನಾಲ್ಕನೆಯ ಆಕ್ಷೇಪಣೆ ಎಲ್ಲಕ್ಕಿಂತ ಗುರುತರವಾದುದು. ೨೦೨೨ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಸಾರ್ವಜನಿಕರಿಗೆ ದೊರೆತಂದಿನಿಂದ, ಕೇಳಿದ ವಿಷಯದ ಮೇಲೆ ಕ್ಷಣಾರ್ಧದಲ್ಲಿ ಯಂತ್ರವು ಪ್ರಬಂಧವನ್ನು ಬರೆದುಕೊಡುತ್ತದೆ. ಇಂಥ ಪ್ರಬಂಧಕ್ಕೆ ವಿದ್ಯಾರ್ಥಿಯ ಕರಡೂ ಇಲ್ಲ, ಹಿನ್ನೆಲೆಯೂ ಇಲ್ಲ. ಆದುದರಿಂದ ಕರಡುಗಳ ಪಟ್ಟಿಯನ್ನು ಕಳ್ಳರನ್ನು ಹಿಡಿಯುವ ಉಪಾಯವಾಗಿ ಬಳಸುವ ಆಸೆ ಅಧ್ಯಾಪಕರಿಗೆ ಸಹಜ. ಈ ಆಸೆಗೆ ವಶವಾದರೆ ಕರಡು ಮತ್ತೆ ಉತ್ತರಪತ್ರಿಕೆಯಾಗುತ್ತದೆ, ಓದುಗನು ಮತ್ತೆ ಪರೀಕ್ಷಕನಾಗುತ್ತಾನೆ. ಯಂತ್ರವು ಬರೆದುಕೊಡಬಲ್ಲ ಪ್ರಬಂಧವನ್ನೇ ನಾವು ಇಷ್ಟು ಕಾಲ ವಿದ್ಯಾರ್ಥಿಯಿಂದ ಕೇಳುತ್ತಿದ್ದೆವು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕಾಗುತ್ತದೆ. ನಗರದ ದಂಗೆಯ ಮೇಲೆ ಮೊದಲ ಪುಟವನ್ನು ಯಂತ್ರವೂ ಬರೆದೀತು. ಈ ವಿದ್ಯಾರ್ಥಿಯ ಅಭಿಪ್ರಾಯವು ಯಾವ ದಾಖಲೆಯಿಂದ ಹೇಗೆ ಬದಲಾಯಿತೆಂಬುದನ್ನು ಬಲ್ಲವನು ಅವನೊಬ್ಬನೇ. ಅದನ್ನೂ ಯಂತ್ರದಿಂದ ಬರೆಯಿಸಿ ತಂದರೆ ಏನು ಗತಿ ಎಂದು ಕೇಳಬಹುದು. ತರಗತಿಯಲ್ಲಿ ಅವನನ್ನು ಎದುರಿಗೆ ಕೂರಿಸಿಕೊಂಡು ಮಾತನಾಡಿದರೆ ಸತ್ಯವು ಬಹುಬೇಗ ಹೊರಬೀಳುತ್ತದೆ. ಅಷ್ಟು ಬಿಡುವು ಅಧ್ಯಾಪಕನಿಗಿರಬೇಕು. ಅಷ್ಟು ಸಣ್ಣದಾಗಿ ತರಗತಿಯಿರಬೇಕು.

೯. ಉಪಸಂಹಾರ

ಮರಳು, ಕಡತ, ಕಾಗದ, ಅಂತರಜಾಲ, ಇವು ನಾಲ್ಕೂ ವಿದ್ಯಾರ್ಥಿಗೆ ಬರೆಯುವ ಸೌಕರ್ಯವನ್ನು ಕೊಟ್ಟುವು. ಇವುಗಳಲ್ಲಿ ಯಾವುದೂ ತನ್ನಷ್ಟಕ್ಕೆ ತಾನೇ ಅವನನ್ನು ಮನನಶೀಲನನ್ನಾಗಿ ಮಾಡಲಿಲ್ಲ. ಬರೆದುದನ್ನು ಉಳಿಸಿ, ಮರಳಿಸಿ, ಓದುಗನನ್ನು ಒದಗಿಸಿದ ಕಡೆ ಸಾಮಾನ್ಯ ವಿದ್ಯಾರ್ಥಿಗಳೂ ಪ್ರೌಢವಾದ ಕೆಲಸವನ್ನು ಮಾಡಿದರು. ಹಾಗೆ ಮಾಡದ ಕಡೆ ಉತ್ತಮ ಸಾಧನವೂ ನಕಲಿನ ಯಂತ್ರವಾಯಿತು.

ನಮ್ಮ ಇತಿಹಾಸ ವಿಭಾಗಗಳು ಆರಂಭದಲ್ಲಿ ದೊಡ್ಡ ಯೋಜನೆಗಳನ್ನು ಹಾಕಿಕೊಳ್ಳಬೇಕಾದುದಿಲ್ಲ. ಪ್ರತಿ ಷಣ್ಮಾಸದಲ್ಲಿಯೂ ಒಂದು ಪ್ರಬಂಧವನ್ನಾದರೂ ಮೂರು ರೂಪಗಳಲ್ಲಿ ಬರೆಯಿಸುವುದು. ಎರಡನೆಯ ರೂಪವನ್ನು ಸಹಪಾಠಿಯಿಂದ ಓದಿಸುವುದು. ಅಂಕಗಳಲ್ಲಿ ಒಂದು ಪಾಲನ್ನು ಕೊನೆಯ ರೂಪಕ್ಕಿಂತ ಬದಲಾವಣೆಯ ವಿವರಣೆಗೆ ಮೀಸಲಿಡುವುದು. ಮೌಲ್ಯಮಾಪನವಾದ ಪತ್ರಿಕೆಗಳನ್ನು, ಅರ್ಜಿ ಹಾಕುವವರೆಗೆ ಕಾಯದೆ, ವಿದ್ಯಾರ್ಥಿಗಳಿಗೆ ಹಿಂದಿರುಗಿಸುವುದು, ಇಷ್ಟು ನಡೆದರೂ ಸಾಕು. ಇವುಗಳಲ್ಲಿ ಕೊನೆಯದಕ್ಕೆ ಯಾವ ಯಂತ್ರವೂ ಬೇಕಿಲ್ಲ, ಅದರಿಂದಲೇ ಆರಂಭಿಸಬಹುದು.